ಮಗುವಿನ ಜೀವನಾಂಶ ಬಿಟ್ಟುಕೊಡೋಕೆ ನಾವ್ಯಾರು?

ನಮ್ಮ ಶಿಡ್ಲಘಟ್ಟ, ಚಿಂತಾಮಣಿ ಕಡೆ ಗಂಡ ಹೆಂಡತಿ ಬೇರೆಯಾಗಬೇಕು ಅಂದರೆ ನೇರವಾಗಿ ಕೋರ್ಟಿಗೆ ಹೋಗುವವರು ಕಡಿಮೆ. ಮೊದಲು ಎರಡೂ ಕಡೆಯ ಹಿರಿಯರು ಪಂಚಾಯ್ತಿಗೆ ಕೂರುತ್ತಾರೆ. ಮಾತು ಮುಗಿಯುವ ಹೊತ್ತಿಗೆ ಛಾಪಾ ಕಾಗದ ಬರುತ್ತದೆ. ಒಡವೆ ವಾಪಸ್, ಮದುವೆ ಖರ್ಚಿಗೆ ಇಷ್ಟು, ಆಮೇಲೆ ಒಂದು ಸಾಲು: ‘ಮಗು ತಾಯಿಯ ಹತ್ತಿರ ಇರತಕ್ಕದ್ದು, ಮುಂದೆ ಮಗುವಿಗಾಗಿ ಯಾವ ಜೀವನಾಂಶವನ್ನೂ ಕೇಳತಕ್ಕದ್ದಲ್ಲ.’ ಹುಡುಗಿ ಸಹಿ ಹಾಕುತ್ತಾಳೆ. ನನಗೆ ಸಿಟ್ಟು ಬರುವುದು ಈ ಸಾಲಿನ ಮೇಲೆ.

ಅವಳ ಮೇಲೆ ನನಗೆ ಸಿಟ್ಟಿಲ್ಲ. ಅಷ್ಟು ಹೊತ್ತಿಗೆ ಅವಳು ಸೋತು ಹೋಗಿರುತ್ತಾಳೆ. “ಅವನ ದುಡ್ಡು ನಮಗೆ ಬೇಡಮ್ಮಾ, ಬೇಗ ಮುಗಿಸಿಬಿಡು” ಎಂದು ಸ್ವಂತ ಅಣ್ಣನೇ ಹೇಳುತ್ತಾನೆ. ಸ್ವಾಭಿಮಾನದ ಮಾತು, ಸರಿ. ಆದರೆ ಆ ದುಡ್ಡು ಅವಳದಲ್ಲ, ಅಣ್ಣನದೂ ಅಲ್ಲ. ಮಗುವಿನದು. ಮಗುವಿನ ಹಕ್ಕನ್ನು ತಾಯಿ ಕೂಡ ಬರೆದುಕೊಡಲು ಬರುವುದಿಲ್ಲ ಎಂದು ಕೋರ್ಟುಗಳು ಮತ್ತೆ ಮತ್ತೆ ಹೇಳಿವೆ. ಹಾಗಾಗಿ ಈಗಾಗಲೇ ಸಹಿ ಹಾಕಿದವರೂ ಮಗುವಿನ ಪರವಾಗಿ ಅರ್ಜಿ ಹಾಕಬಹುದು.

ಇನ್ನೊಂದು ಮಾತು. ಆ ಕಾಗದ ಡೈವೋರ್ಸೂ ಅಲ್ಲ. ಹಿಂದೂ ಮದುವೆ ಮುಗಿಯುವುದು ಕೋರ್ಟಿನ ಆದೇಶದಿಂದ. ಜಾತಿಯ ಹಳೇ ಪದ್ಧತಿಗೆ ಕಾನೂನಿನಲ್ಲಿ ಜಾಗ ಇದೆ ನಿಜ, ಆದರೆ ಅಂಥ ಪದ್ಧತಿ ಇದೆ ಎಂದು ಸಾಕ್ಷಿ ಸಮೇತ ತೋರಿಸಬೇಕು. ಅದು ಸುಲಭವಲ್ಲ. ನೋಟರಿ ಸೀಲು ಬಿದ್ದ ಮಾತ್ರಕ್ಕೆ ಎರಡನೇ ಮದುವೆಗೆ ಹೊರಡಬೇಡಿ.

ನಾನು ಶಾಲೆಯಲ್ಲಿ ಪಾಠ ಮಾಡುವವಳು. ಇದರ ಫಲ ನನಗೆ ಜೂನ್ ತಿಂಗಳಲ್ಲಿ ಕಾಣುತ್ತದೆ. ರೇಷ್ಮೆ ನೂಲು ತೆಗೆಯುವ ಫಿಲೇಚರ್‌ನಲ್ಲಿ ದುಡಿದು ಬಂದ ತಾಯಂದಿರು ಬ್ಯಾಗು, ನೋಟ್‌ಬುಕ್ಕು, ವ್ಯಾನಿನ ದುಡ್ಡಿಗೆ ಸಾಲ ಹುಡುಕುತ್ತಾರೆ. ಅಪ್ಪ ಪಕ್ಕದ ಊರಿನಲ್ಲೇ ಇರುತ್ತಾನೆ. ಹಿಪ್ಪುನೇರಳೆ ತೋಟ ಇರುತ್ತದೆ, ಹಸು ಇರುತ್ತವೆ. ಕೇಳಿದರೆ “ನನಗೆ ಆದಾಯವೇ ಇಲ್ಲ” ಅನ್ನುತ್ತಾನೆ.

ಈ ಮಾತಿಗೆ ಹೆದರಬೇಡಿ. ರಜನೀಶ್ ಮತ್ತು ನೇಹಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2020ರಲ್ಲಿ ಕೊಟ್ಟ ತೀರ್ಪಿನಂತೆ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲ, ಖರ್ಚು ಎಲ್ಲವನ್ನೂ ಪ್ರಮಾಣ ಮಾಡಿದ ಅಫಿಡವಿಟ್‌ನಲ್ಲಿ ಬರೆದುಕೊಡಬೇಕು. ಸಂಬಳದ ಚೀಟಿ ಇಲ್ಲದವನಿಗೂ ಲೆಕ್ಕ ಇರುತ್ತದೆ. ಸರ್ವೆ ನಂಬರ್ ಗೊತ್ತಿದ್ದರೆ ಪಹಣಿ ಯಾರು ಬೇಕಾದರೂ ತೆಗೆಸಬಹುದು. ಡೇರಿಗೆ ಹಾಕಿದ ಹಾಲಿನ ಲೆಕ್ಕ ಸಂಘದಲ್ಲಿರುತ್ತದೆ. ರೇಷ್ಮೆ ಗೂಡು ಮಾರಿದ ಚೀಟಿ ಇರುತ್ತದೆ. ಬ್ಯಾಂಕ್ ಪಾಸ್‌ಬುಕ್ ತರಿಸಿ ಎಂದು ಕೋರ್ಟನ್ನು ಕೇಳಬಹುದು. ಇದನ್ನೆಲ್ಲ ನಿಮ್ಮ ವಕೀಲರಿಗೆ ನೀವೇ ಹೇಳಬೇಕು. ಅವನ ತೋಟ ಎಷ್ಟು ಗುಂಟೆ, ಎಷ್ಟು ಹಸು ಕರೆಯುತ್ತವೆ ಅನ್ನುವುದು ವಕೀಲರಿಗೆ ಹೇಗೆ ಗೊತ್ತಾಗಬೇಕು? ಅದೇ ತೀರ್ಪಿನಲ್ಲಿ ಇನ್ನೊಂದು ಒಳ್ಳೆಯ ಮಾತಿದೆ: ಜೀವನಾಂಶವನ್ನು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕ ಹಾಕಬೇಕು. ಕೇಸು ಎಳೆದಷ್ಟೂ ಬಾಕಿ ಏರುತ್ತದೆ.

ಜೀವನಾಂಶ ಕೇಳುವ ಕಲಂ ಹಿಂದೆ ಸಿಆರ್‌ಪಿಸಿ, ಅಂದರೆ ಹಳೇ ದಂಡ ಪ್ರಕ್ರಿಯಾ ಸಂಹಿತೆಯ 125. 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಂ. ಯಾವ ಧರ್ಮದವರಾದರೂ ಅರ್ಜಿ ಹಾಕಬಹುದು. ಗಂಡ ಬೆಂಗಳೂರಿನಲ್ಲಿದ್ದರೂ, ನೀವು ತವರಿನಲ್ಲಿದ್ದರೆ ಇಲ್ಲೇ ಹಾಕಬಹುದು.

ಆದೇಶ ಸಿಕ್ಕಿತು ಅಂತ ಸುಮ್ನೆ ಕೂರುವುದೇ ದೊಡ್ಡ ನಷ್ಟ. ಒಂದೆರಡು ತಿಂಗಳು ಕೊಟ್ಟು ನಿಲ್ಲಿಸುವವರು ಜಾಸ್ತಿ. ಆ ಬಾಕಿಯ ವಸೂಲಿಗೆ ಕೋರ್ಟಿನ ವಾರಂಟ್ ಬೇಕಾದರೆ, ಹಣ ಕೊಡಬೇಕಾಗಿದ್ದ ದಿನದಿಂದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. “ಇವತ್ತು ಕೊಡ್ತಾನೆ, ಯುಗಾದಿಗೆ ಕೊಡ್ತಾನೆ” ಎಂದು ಕಾಯುತ್ತಾ ಎಷ್ಟೋ ಜನ ಈ ವರ್ಷವನ್ನು ದಾಟಿಬಿಡುತ್ತಾರೆ. ದಯವಿಟ್ಟು ದಾಟಬೇಡಿ. ಕೊಡದಿದ್ದರೆ ಕೋರ್ಟ್ ಜೈಲಿಗೂ ಕಳಿಸಬಹುದು. ಜೈಲಿಗೆ ಹೋಗಿ ಬಂದರೆ ಬಾಕಿ ತೀರಿತು ಅಂತಲೂ ಅಲ್ಲ.

ಇಬ್ಬರೂ ಒಪ್ಪಿ ಬೇರೆಯಾಗುವುದಾದರೆ ಅದೇ ಒಳ್ಳೆಯದು. ಒಂದು ವರ್ಷ ಬೇರೆ ಇದ್ದು ಜಂಟಿ ಅರ್ಜಿ ಹಾಕಬೇಕು. ಆಮೇಲಿನ ಆರು ತಿಂಗಳ ಕಾಯುವಿಕೆಯನ್ನು ತಕ್ಕ ಕಾರಣ ಇದ್ದರೆ ಕೋರ್ಟ್ ಬಿಡಬಹುದು ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಹೇಳಿದೆ. ಆ ಅರ್ಜಿಯಲ್ಲೇ ಮಗುವಿಗೆ ತಿಂಗಳಿಗೆ ಎಷ್ಟು, ವರ್ಷಕ್ಕೆ ಎಷ್ಟು ಏರಬೇಕು, ಫೀಸು ಯಾರು ಕಟ್ಟಬೇಕು, ಆಸ್ಪತ್ರೆ ಖರ್ಚು ಯಾರದು ಎಂದು ಬಿಡಿಸಿ ಬರೆಸಿ. ಎರಡು ವರ್ಷದ ಮಗುವಿಗೆ ಸಾಕಾಗುವ ದುಡ್ಡು ಹತ್ತನೇ ಕ್ಲಾಸಿನ ಮಗುವಿಗೆ ಸಾಕಾಗುತ್ತದಾ?

ಅಪ್ಪಂದಿರಿಗೂ ಒಂದು ಮಾತು ಹೇಳಲೇಬೇಕು. ಮಗುವನ್ನು ನೋಡಲು ಬಿಡದಿದ್ದರೆ ನಿಮ್ಮ ನೋವು ನಿಜ. ಅದಕ್ಕೆ ಕೋರ್ಟಿನಲ್ಲಿ ಬೇರೆ ಅರ್ಜಿ ಹಾಕಿ, ಭೇಟಿಗೆ ದಿನ ಗೊತ್ತು ಮಾಡಿಸಿಕೊಳ್ಳಿ. ಆ ಸಿಟ್ಟಿಗೆ ದುಡ್ಡು ನಿಲ್ಲಿಸಿದರೆ ಉಪವಾಸ ಬೀಳುವುದು ಮಗುವೇ ಅಲ್ವಾ? ತಾಯಂದಿರೂ ಅಷ್ಟೇ, ದುಡ್ಡು ಬರಲಿಲ್ಲ ಎಂದು ಮಗುವನ್ನು ಬಚ್ಚಿಡಬಾರದು.

ವಕೀಲರ ಫೀಸಿಗೆ ಹೆದರುವವರಿಗೆ: 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಹೆಂಗಸರಿಗೆ ಮತ್ತು ಮಕ್ಕಳಿಗೆ ಉಚಿತ ವಕೀಲರು ಸಿಗುತ್ತಾರೆ. ಅವರಿಗೆ ಆದಾಯದ ಮಿತಿ ಇಲ್ಲ. ತಾಲೂಕು ಕೋರ್ಟಿನಲ್ಲಿ ಕಾನೂನು ಸೇವಾ ಸಮಿತಿ ಎಲ್ಲಿ ಎಂದು ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಮಗುವಿನ ಜನನ ಪ್ರಮಾಣಪತ್ರ, ಆಧಾರ್, ಶಾಲೆ ಫೀಸಿನ ರಸೀತಿ ಜೊತೆಗಿಟ್ಟುಕೊಳ್ಳಿ. ಮದುವೆ ರಿಜಿಸ್ಟರ್ ಆಗಿಲ್ಲ ಎಂದು ಹಿಂದೆ ಸರಿಯಬೇಡಿ. ಅಪ್ಪ ಅಮ್ಮನ ಮದುವೆಯೇ ಊರ್ಜಿತವಲ್ಲ ಅಂದರೂ ಮಗುವಿಗೆ ಜೀವನಾಂಶ ಕೊಡಬೇಕು ಎಂದು ಅದೇ 144ನೇ ಕಲಂ ಹೇಳುತ್ತದೆ.