ಗುರುವಾರದ ಆ ರೂಮು

ಹೋದ ತಿಂಗಳು ಕನ್ನಡ ಸಂಘದ ರಾಜ್ಯೋತ್ಸವಕ್ಕೆ ಹೋಗಿದ್ದೆವು. ಊಟದ ಹೊತ್ತಿಗೆ ಬಿಸಿಬೇಳೆಬಾತ್ ತಟ್ಟೆ ಹಿಡಿದು ನಾಲ್ಕೈದು ಜನ ಹೆಂಗಸರು ಒಂದು ಕಡೆ ನಿಂತಿದ್ದೆವು. ಮಕ್ಕಳ ಸ್ಕೂಲಿನ ಮಾತು ಬಂತು. ನಾನು ಅಕ್ಕ ಅಂತಲೇ ಕರೆಯುವ ಒಬ್ಬರು, "ಆ ಗೇ ಕ್ಲಬ್‌ಗಳನ್ನೆಲ್ಲ ಮುಚ್ಚಿಸಿದ್ರಂತಲ್ಲ, ಒಳ್ಳೇದಾಯ್ತು ಬಿಡಿ. ಮಕ್ಕಳು ಸ್ಕೂಲಿಗೆ ಓದೋಕೆ ಹೋಗ್ಬೇಕು. ಇದೆಲ್ಲ ಅಮೆರಿಕದ ಕಾಯಿಲೆ" ಅಂದರು. ಎಲ್ಲರೂ ಹೂಂ ಅಂದರು. ನಾನು ಸುಮ್ನೆ ನಿಂತಿದ್ದೆ. ರಾತ್ರಿ ನಿದ್ದೆ ಬರಲಿಲ್ಲ. ಅಲ್ಲಿ ಹೇಳಬೇಕಿದ್ದ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ವಿಷಯ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ನಾವಿರುವ ಟೆಕ್ಸಾಸ್‌ನಲ್ಲಿ ಸೆನೆಟ್ ಬಿಲ್ 12 ಅನ್ನುವ ಕಾನೂನು 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದಿದೆ. ಅದರಲ್ಲಿ ಹಲವು ವಿಷಯಗಳಿವೆ. ಒಂದು, ಸರ್ಕಾರಿ ಶಾಲೆಗಳಲ್ಲಿ ಗೇ, ಲೆಸ್ಬಿಯನ್, ಟ್ರಾನ್ಸ್ ಮಕ್ಕಳಿಗೆ ಅಂತ ಇರುವ ಕ್ಲಬ್‌ಗಳಿಗೆ ಶಾಲೆ ಅನುಮತಿ ಕೊಡುವ ಹಾಗಿಲ್ಲ. ಚೆಸ್ ಆಗಲಿ, ರೋಬಾಟಿಕ್ಸ್ ಆಗಲಿ, ಬೇರೆ ಯಾವ ಕ್ಲಬ್‌ಗೆ ಸೇರಬೇಕಾದರೂ ಅಪ್ಪ ಅಮ್ಮ ಬರೆದುಕೊಡಬೇಕು. ಇದರ ವಿರುದ್ಧ ಕೇಸೂ ಬಿದ್ದಿದೆ. ಈ ವರ್ಷ ಮಗಳು ಸಹಿ ಹಾಕಿಸಿಕೊಳ್ಳಲು ತಂದ ಕ್ಲಬ್ ಪಟ್ಟಿಯನ್ನು ಎರಡು ಸಲ ನೋಡಿದೆ. ಮೂರು ವರ್ಷದಿಂದ ಅದರಲ್ಲಿದ್ದ ಜಿಎಸ್‌ಎ ಅನ್ನುವ ಹೆಸರು ಇರಲಿಲ್ಲ. ಜಿಎಸ್‌ಎ ಅಂದರೆ ಗೇ ಸ್ಟ್ರೈಟ್ ಅಲಯನ್ಸ್, ಗೇ ಮಕ್ಕಳೂ ಗೇ ಅಲ್ಲದ (ಸ್ಟ್ರೈಟ್) ಮಕ್ಕಳೂ ಜೊತೆ ಸೇರುವ ಕೂಟ.

ಆ ಕ್ಲಬ್‌ನಲ್ಲಿ ಏನು ನಡೆಯುತ್ತಿತ್ತು ಅಂತ ನಾನು ಕಣ್ಣಾರೆ ನೋಡಿದ್ದೇನೆ. ಗುರುವಾರ ಸ್ಕೂಲು ಬಿಟ್ಟ ಮೇಲೆ ಮಗಳನ್ನೂ ನಮ್ಮ ಪರಿಚಯದ ಇನ್ನೊಬ್ಬ ಕನ್ನಡದ ಹುಡುಗನನ್ನೂ ಕರೆತರುವ ಸರದಿ ನನ್ನದು. ಎರಡು ವರ್ಷದ ಹಿಂದೆ ಒಂದು ಗುರುವಾರ ಬೇಗ ಹೋಗಿ ಒಳಗೇ ನಡೆದೆ. ನಿಜ ಹೇಳುತ್ತೇನೆ, ಪರೀಕ್ಷೆ ಮಾಡಲೆಂದೇ ಹೋಗಿದ್ದೆ. ಎದೆ ಹೊಡೆದುಕೊಳ್ಳುತ್ತಿತ್ತು. ಅದು ಕೆಮಿಸ್ಟ್ರಿ ಲ್ಯಾಬು. ಒಂಬತ್ತು ಮಕ್ಕಳಿದ್ದರು. ಸಿಂಕ್ ಪಕ್ಕ ಒಂದು ದೊಡ್ಡ ಚಿಪ್ಸ್ ಪ್ಯಾಕೆಟ್ಟು ಹರಿದು ಇಟ್ಟಿದ್ದರು. ಇಬ್ಬರು ಊನೋ ಕಾರ್ಡ್ಸ್ ಆಡುತ್ತಿದ್ದರು. ಉದ್ದನೆಯ ಹುಡುಗನೊಬ್ಬ ಪಕ್ಕದವಳಿಗೆ ಕ್ಯಾಲ್ಕುಲಸ್ ಹೇಳಿಕೊಡುತ್ತಿದ್ದ. ಟೀಚರ್ ತಮ್ಮ ಪಾಡಿಗೆ ಪೇಪರ್ ತಿದ್ದುತ್ತಾ ಕೂತಿದ್ದರು. ಕಿಟಕಿ ಹತ್ತಿರ ಒಂಬತ್ತನೇ ಕ್ಲಾಸಿನ ಒಂದು ಹುಡುಗಿ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಚಿತ್ರ ಬಿಡಿಸುತ್ತಿದ್ದಳು. ಯಾರೂ ಅವಳನ್ನು ಮಾತಾಡಿಸಲಿಲ್ಲ, ಯಾರೂ ಎದ್ದು ಹೋಗು ಅನ್ನಲಿಲ್ಲ. "ಅವಳು ಇಡೀ ವಾರದಲ್ಲಿ ಹೆಗಲು ಸಡಿಲ ಬಿಟ್ಟು ಕೂರೋದು ಇಲ್ಲಿ ಮಾತ್ರ ಅಮ್ಮಾ" ಅಂತ ಮಗಳು ಆಮೇಲೆ ಕಾರಿನಲ್ಲಿ ಹೇಳಿದಳು.

ಮಗಳು ಗೇ ಅಲ್ಲ. ಸ್ನೇಹಿತನಿಗೋಸ್ಕರ ಹೋಗುತ್ತಿದ್ದಳು. ಆ ಹೆಸರಿನಲ್ಲಿರುವ 'ಸ್ಟ್ರೈಟ್' ಇಂಥ ಮಕ್ಕಳಿಗೆ. 1988ರಲ್ಲಿ ಮ್ಯಾಸಚೂಸೆಟ್ಸ್‌ನ ಕಾನ್‌ಕರ್ಡ್ ಅಕಾಡೆಮಿ ಎಂಬ ಖಾಸಗಿ ಸ್ಕೂಲಿನಲ್ಲಿ ಕೆವಿನ್ ಜೆನ್ನಿಂಗ್ಸ್ ಎಂಬ ಹಿಸ್ಟರಿ ಮೇಷ್ಟ್ರ ಜೊತೆ ಸೇರಿ ಈ ಹೆಸರಿನ ಕ್ಲಬ್ ಶುರು ಮಾಡಿದ್ದು ಕೂಡ ಒಬ್ಬ ಸ್ಟ್ರೈಟ್ ಹುಡುಗಿ. ಅವಳ ಅಮ್ಮ ಲೆಸ್ಬಿಯನ್.

ಈಗ ಆ ಹುಡುಗನ ವಿಷಯ. ಅವನಿಗೂ ಅವನ ಅಮ್ಮನಿಗೂ ಈ ಬರಹ ತೋರಿಸಿ, ಕೇಳಿಯೇ ಹಾಕುತ್ತಿದ್ದೇನೆ. ಯಾರು ಅಂತ ದಯವಿಟ್ಟು ಊಹೆ ಮಾಡಲು ಹೋಗಬೇಡಿ. ಅವತ್ತು ಮನೆ ಮುಂದೆ ಇಳಿಯುವ ಮೊದಲು ಅವನು, "ಆಂಟಿ, ಅಮ್ಮಂಗೆ ನಾನೇ ಹೇಳ್ತೀನಿ. ಸ್ವಲ್ಪ ಟೈಮ್ ಬೇಕು" ಅಂದ. ಹದಿನಾರು ವರ್ಷದ ಹುಡುಗ. ಬ್ಯಾಗಿನ ಪಟ್ಟಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಡುತ್ತಿದ್ದ. ನಾನು ಆಯ್ತು ಅಂದೆ. ಅಂದ ಮೇಲೆ ತಿಂಗಳುಗಟ್ಟಲೆ ಒದ್ದಾಡಿದೆ. ಅವನ ಅಮ್ಮ ನನ್ನ ಗೆಳತಿ. ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ. "ಇವನು ಯಾಕೋ ಮಂಕಾಗಿದ್ದಾನೆ ಕಣೇ" ಅನ್ನುತ್ತಾಳೆ. ನಾನು ಬಾಯಿ ಮುಚ್ಚಿಕೊಂಡಿರಬೇಕು.

ಅಪ್ಪ ಅಮ್ಮಂದಿರಿಗೆ ಗೊತ್ತಿಲ್ಲದೆ ಶಾಲೆ ಏನೂ ಮಾಡಬಾರದು ಅನ್ನುವವರ ಮಾತು ನನಗೆ ಅರ್ಥವಾಗುತ್ತದೆ. ನನ್ನ ಮಗಳ ವಿಷಯ ಊರಿಗೆಲ್ಲ ಗೊತ್ತಿದ್ದು ನನಗೆ ಗೊತ್ತಿಲ್ಲದಿದ್ದರೆ ನನ್ನ ಹೊಟ್ಟೆಯೂ ಉರಿಯುತ್ತದೆ. ಒಂದೂವರೆ ವರ್ಷ ಆದ ಮೇಲೆ ಅವನು ಮನೆಯಲ್ಲಿ ಹೇಳಿದ. ಅವನ ಅಮ್ಮ ಗ್ಯಾರೇಜಿನಲ್ಲಿ ಕಾರಿನೊಳಗೆ ಒಬ್ಬಳೇ ಕೂತು ಅತ್ತಳಂತೆ. ಆಮೇಲೆ ಒಳಗೆ ಹೋಗಿ ಅನ್ನಕ್ಕಿಟ್ಟಳಂತೆ. ಮರುದಿನ ನನಗೆ ಫೋನ್ ಮಾಡಿ, "ನಿಂಗೆ ಮೊದ್ಲೇ ಗೊತ್ತಿತ್ತಾ?" ಅಂದಳು. ಹೌದು ಅಂದೆ. ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಅವಳ ಕೋಪ ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಆದರೆ ಮತ್ತೆ ಮನೆಗೆ ಬಂದಾಗ ಅವಳೇ ಕೇಳಿದಳು: "ಆ ಗುರುವಾರ ಇಲ್ದಿದ್ರೆ ನನ್ ಮಗ ಒಂದೂವರೆ ವರ್ಷ ಯಾರ ಹತ್ರ ಕೂತಿರ್ತಿದ್ದ?" ಮನೆಯಲ್ಲಿ ಹೇಳುವ ಧೈರ್ಯ ಅವನಿಗೆ ಆ ರೂಮಿನಲ್ಲೇ ಬಂತು ಅಂತ ಅವಳು ಈಗ ಎಲ್ಲರಿಗೂ ಹೇಳುತ್ತಾಳೆ.

ಮಗು ಕ್ಲಬ್‌ಗೆ ಹೋಗಿ ಗೇ ಆಗುವುದಿಲ್ಲ. ಆಗಿರುವ ಮಗು ಹೋಗುತ್ತದೆ. ಅಕ್ಕ ಇದನ್ನು ಅಮೆರಿಕದ ಕಾಯಿಲೆ ಅಂದಾಗ ನನಗೆ ನೆನಪಾದವನು ನಮ್ಮೂರಿನ ಹೈಸ್ಕೂಲಿನ ಒಬ್ಬ ಹುಡುಗ. ಹಾಸನದ ಕಡೆಯ ಊರು, ತೊಂಬತ್ತರ ದಶಕ. ಅವನ ನಡಿಗೆ, ಮಾತು ನೋಡಿ ಇಡೀ ಕ್ಲಾಸು 'ಹೆಣ್ಣಿಗ' ಅಂತ ಕೂಗುತ್ತಿತ್ತು. ಮೇಷ್ಟ್ರು ಕೇಳಿ ನಗುತ್ತಿದ್ದರು. ನಾನೂ ನಕ್ಕಿದ್ದೇನೆ. ಒಂಬತ್ತನೇ ಕ್ಲಾಸಿನ ಮಧ್ಯದಲ್ಲಿ ಅವನು ಬರುವುದು ನಿಂತಿತು. ಯಾಕೆ ಅಂತ ಯಾರೂ ಕೇಳಲಿಲ್ಲ. ಅಲ್ಲಿ ಯಾವ ಅಮೆರಿಕ ಇತ್ತು? ನಮ್ಮಲ್ಲಿ ಇದನ್ನು ಅಪರಾಧ ಅಂದದ್ದೇ ಬ್ರಿಟಿಷರು ಬರೆದ 377ನೇ ಸೆಕ್ಷನ್ನು. ದೊಡ್ಡವರಿಬ್ಬರು ಒಪ್ಪಿ ಕೂಡಿದರೆ ಅದು ಅಪರಾಧ ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಲು 2018ರ ಸೆಪ್ಟೆಂಬರ್ 6 ಬರಬೇಕಾಯಿತು.

ನಮ್ಮವರು ಇಲ್ಲಿ ತಿಳಿಯಲೇಬೇಕಾದ ಇನ್ನೊಂದು ವಿಷಯ ಇದೆ. ಈ ಕ್ಲಬ್‌ಗಳಿಗೆ ಬಾಗಿಲು ತೆರೆದ ಕಾನೂನು ಹುಟ್ಟಿದ್ದು ಬೈಬಲ್ ಓದುವ ಮಕ್ಕಳಿಗಾಗಿ. 1984ರ ಈಕ್ವಲ್ ಆಕ್ಸೆಸ್ ಆಕ್ಟ್. ಕೇಂದ್ರದ ದುಡ್ಡು ಪಡೆಯುವ ಸರ್ಕಾರಿ ಹೈಸ್ಕೂಲು, ಪಾಠಕ್ಕೆ ಸಂಬಂಧವಿಲ್ಲದ ಒಂದೇ ಒಂದು ಕ್ಲಬ್‌ಗೆ ಜಾಗ ಕೊಟ್ಟರೂ, ಮಾತಾಡುವ ವಿಷಯ ಹಿಡಿಸಲಿಲ್ಲ ಅಂತ ಇನ್ನೊಂದು ಕ್ಲಬ್ಬನ್ನು ಬೇಡ ಅನ್ನುವಂತಿಲ್ಲ. ಇದಕ್ಕೆ ಓಡಾಡಿದವರು ಕ್ರೈಸ್ತ ಸಂಘಟನೆಗಳು, ಸಹಿ ಹಾಕಿದವರು ಆಗಿನ ಅಧ್ಯಕ್ಷ ರೇಗನ್. ನೆಬ್ರಾಸ್ಕಾದ ಒಮಾಹಾದಲ್ಲಿ ಬ್ರಿಜೆಟ್ ಮರ್ಗೆನ್ಸ್ ಎಂಬ ಹುಡುಗಿ ಬೈಬಲ್ ಕ್ಲಬ್ ಕೇಳಿದಳು, ಶಾಲೆ ಕೊಡಲಿಲ್ಲ. 1990ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 8-1ರಲ್ಲಿ ಅವಳ ಪರ ನಿಂತಿತು. ಅದು ಸರಿಯಾದ ತೀರ್ಪು ಅಂತಲೇ ನಾನು ನಂಬುತ್ತೇನೆ. ಅದೇ ಕಾನೂನನ್ನು ಕೈಯಲ್ಲಿ ಹಿಡಿದು 1995ರಲ್ಲಿ ಯೂಟಾದ ಸಾಲ್ಟ್ ಲೇಕ್ ಸಿಟಿಯ ಈಸ್ಟ್ ಹೈಸ್ಕೂಲಿನಲ್ಲಿ ಕೆಲ್ಲಿ ಪೀಟರ್ಸನ್ ಮತ್ತು ಸ್ನೇಹಿತರು ಜಿಎಸ್‌ಎ ಕೇಳಿದರು. ಅದೊಂದನ್ನೇ ಬೇಡ ಅನ್ನಲು ಬರುವುದಿಲ್ಲವಲ್ಲ. 1996ರ ಫೆಬ್ರವರಿಯಲ್ಲಿ ಅಲ್ಲಿನ ಶಾಲಾ ಮಂಡಳಿ 4-3 ಮತದಿಂದ ಪಾಠಕ್ಕೆ ಸೇರದ ಎಲ್ಲ ಕ್ಲಬ್‌ಗಳನ್ನೂ ಮುಚ್ಚಿತು. ಒಂದು ರೂಮಿಗೆ ಹೆದರಿ ಊರಿನ ಮಕ್ಕಳ ರೂಮುಗಳಿಗೆಲ್ಲ ಬೀಗ. ಮಕ್ಕಳು ಕ್ಲಾಸು ಬಿಟ್ಟು ಬೀದಿಗೆ ಬಂದರು. ಕೋರ್ಟು ಕಚೇರಿ ಸುತ್ತಿ 2000ದಲ್ಲಿ ಕ್ಲಬ್‌ಗಳು ವಾಪಸ್ ಬಂದವು. ಕೆಂಟಕಿಯ ಬಾಯ್ಡ್ ಕೌಂಟಿಯಲ್ಲೂ 2002ರಲ್ಲಿ ಎಲ್ಲ ಕ್ಲಬ್ ಬಂದ್ ಅಂದರು. ಆದರೆ ನಾಟಕದ ಕ್ಲಬ್ಬು, ಬೈಬಲ್ ಕ್ಲಬ್ಬು ಸೇರುತ್ತಲೇ ಇದ್ದವು. ಮರುವರ್ಷ ಕೋರ್ಟು ಜಿಎಸ್‌ಎ ಮಕ್ಕಳಿಗೂ ಜಾಗ ಕೊಡಿ ಅಂದಿತು.

ನಮ್ಮ ಮಕ್ಕಳ ಹಿಂದೂ ಕೂಟ ಶಾಲೆಯಲ್ಲೇ ದೀಪಾವಳಿ ಮಾಡುತ್ತದೆ, ನಾವು ಹೆಮ್ಮೆಯಿಂದ ಫೋಟೋ ಹಾಕುತ್ತೇವೆ ಅಲ್ವಾ? ಆ ಕೂಟಕ್ಕೆ ಇರುವ ರಕ್ಷಣೆಯೂ ಇದೇ 1984ರ ಕಾನೂನು. 2017ರಲ್ಲಿ ಇಲ್ಲೇ ಫ್ರಿಸ್ಕೋದ ಲಿಬರ್ಟಿ ಹೈಸ್ಕೂಲಿನಲ್ಲಿ ಮುಸ್ಲಿಂ ಮಕ್ಕಳು ನಮಾಜು ಮಾಡುತ್ತಿದ್ದ ರೂಮಿನ ಬಗ್ಗೆ ರಾಜ್ಯದ ಅಟಾರ್ನಿ ಜನರಲ್ ಕಚೇರಿಯಿಂದ ಆತಂಕ ತೋರಿಸಿ ಪತ್ರ ಬಂದಿತ್ತು. ಇಲ್ಲಿ ನಾವೂ ಸ್ವಲ್ಪ ಜನ. ಇನ್ನೊಬ್ಬರ ರೂಮಿನ ಬಾಗಿಲು ಹಾಕುವಾಗ ನಾವು ಚಪ್ಪಾಳೆ ತಟ್ಟುವುದು ನನಗೆ ನೋಡಲಾಗುವುದಿಲ್ಲ.

ಅಕ್ಕಾ, ನೀವು ಇದನ್ನು ಓದುತ್ತೀರಿ ಅಂತ ಗೊತ್ತು. ನನಗೆ ಜ್ವರ ಬಂದಾಗ ಮೂರು ದಿನ ಸಾರು ಮಾಡಿ ಕಳಿಸಿದವರು ನೀವು. ಯಾವ ಮಗುವಿಗೂ ಕೆಟ್ಟದಾಗಲಿ ಅಂತ ನೀವು ಬಯಸುವವರಲ್ಲ. ಒಂದು ಸಲ ಮನೆಗೆ ಬನ್ನಿ, ಕೂತು ಮಾತಾಡೋಣ.

ಆ ಕಿಟಕಿ ಪಕ್ಕದ ಹುಡುಗಿಗೆ ಈಗ ಹನ್ನೊಂದನೇ ಕ್ಲಾಸು. ಕೆಮಿಸ್ಟ್ರಿ ಲ್ಯಾಬಿಗೆ ಗುರುವಾರ ಸಂಜೆ ಬೀಗ. ಅವಳು ಮಧ್ಯಾಹ್ನ ಕೆಫೆಟೇರಿಯಾ ಹಿಂದಿನ ಮೆಟ್ಟಿಲ ಮೇಲೆ ಒಬ್ಬಳೇ ಕೂತು ಚಿತ್ರ ಬಿಡಿಸುತ್ತಾಳಂತೆ. ಮಗಳು ಮೂರು ವಾರದಿಂದ ಅಲ್ಲಿಗೇ ಹೋಗಿ ಪಕ್ಕದಲ್ಲಿ ಕೂತು ಊಟ ಮಾಡುತ್ತಿದ್ದಾಳೆ. ನಾನು ಡಬ್ಬಿಗೆ ಎರಡು ಚಪಾತಿ ಜಾಸ್ತಿ ಹಾಕುತ್ತಿದ್ದೇನೆ.