ಕರೆಂಟು ನಮ್ಮದು, ಕಾರ್ಖಾನೆ ನಿಮ್ಮದು

ಬೆಂಗಳೂರಲ್ಲಿ ಟ್ರಾಫಿಕ್ ಜಾಮ್ ಆದಾಗೆಲ್ಲ ಯಾರಾದರೊಬ್ಬರು ಹೇಳುತ್ತಾರೆ: "ಎಲ್ಲರೂ ಇಲ್ಲಿಗೇ ಬರ್ತಾರಪ್ಪ, ಊರಲ್ಲೇ ಏನಾದ್ರೂ ಮಾಡ್ಕೊಂಡು ಇರಬಾರದಾ?" ನಾನು ರಾಯಚೂರು ಜಿಲ್ಲೆಯವನು. ಸುಮ್ನೆ ನಕ್ಕು ಬಿಡೋಕೆ ನನಗೆ ಆಗೋದಿಲ್ಲ.

ನಮ್ಮ ದೇವದುರ್ಗ, ಲಿಂಗಸುಗೂರು ಕಡೆ ಸುಗ್ಗಿ ಮುಗಿದ ಮೇಲೆ ಜನ ಗುಳೆ ಹೊರಡುತ್ತಾರೆ. ಮೇಸ್ತ್ರಿ ಕೊಟ್ಟ ಮುಂಗಡ ಆಗಲೇ ಖರ್ಚಾಗಿರುತ್ತದೆ. ಗಂಡ ಹೆಂಡತಿ ಇಬ್ಬರೂ ಕಟ್ಟಡ ಕೆಲಸಕ್ಕೆ, ಮಗು ಸಿಮೆಂಟ್ ಚೀಲದ ಪಕ್ಕಕ್ಕೆ. ಊರಲ್ಲಿ ಸರ್ಕಾರದ ಉದ್ಯೋಗ ಖಾತ್ರಿ ಕೆಲಸ ಇಲ್ಲವಾ ಅಂತ ಕೇಳಬೇಡಿ. ಆ ದುಡ್ಡು ಖಾತೆಗೆ ಬೀಳೋವರೆಗೆ ಅಂಗಡಿಯವನು ಕಾಯಬೇಕಲ್ಲ.

ಬೆಂಗಳೂರು ತಾನಾಗೇ ಬೆಳೀತು ಅನ್ನೋದನ್ನ ನಾನು ಒಪ್ಪೋದಿಲ್ಲ. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಟೆಲಿಫೋನ್ ಮಾಡೋ ಐಟಿಐ, 1953ರಲ್ಲಿ ಯಂತ್ರೋಪಕರಣ ಮಾಡೋ ಎಚ್‌ಎಂಟಿ, 1954ರಲ್ಲಿ ಎಲೆಕ್ಟ್ರಾನಿಕ್ಸ್ ಮಾಡೋ ಬಿಇಎಲ್. ಇವೆಲ್ಲ ಬಂದಿದ್ದು ಸರ್ಕಾರ ತೀರ್ಮಾನ ಮಾಡಿದ್ದಕ್ಕೆ. ಎಂಜಿನಿಯರುಗಳು, ಬಿಡಿಭಾಗ ಮಾಡೋ ಸಣ್ಣ ಶೆಡ್‌ಗಳು ಬೆನ್ನಲ್ಲೇ ಬಂದವು. ನೀರು ಸಾಲದಿದ್ದಾಗ ಸುಮಾರು ನೂರು ಕಿಲೋಮೀಟರ್ ದೂರದಿಂದ ಕಾವೇರಿಯನ್ನು ಪಂಪ್ ಮಾಡಿ ಮೇಲಕ್ಕೆ ತಂದರು. ಖರ್ಚು ಜಾಸ್ತಿ ಅಂತ ಯಾರೂ ಕೈಬಿಡಲಿಲ್ಲ.

ನಮಗೆ ಬಂದಿದ್ದು ಶಕ್ತಿನಗರದ ಉಷ್ಣ ವಿದ್ಯುತ್ ಸ್ಥಾವರ. ಮೊದಲ ಘಟಕ 1985ರಲ್ಲಿ ಶುರುವಾಯಿತು. ಈಗ ಎಂಟು ಘಟಕ, 1,720 ಮೆಗಾವ್ಯಾಟ್. ಕರೆಂಟು ತಂತಿ ಹಿಡಿದು ರಾಜ್ಯವೆಲ್ಲ ಹೋಯಿತು, ಹಾರುಬೂದಿ ಮಾತ್ರ ಊರು ಬಿಟ್ಟು ಹೋಗಲಿಲ್ಲ. ಈ ಲೆಕ್ಕ ಯಾರೂ ಮಾತಾಡೋದಿಲ್ಲ, ಅಲ್ವಾ?

ರಾಜ್ಯದ ಯಾವ ಭಾಗ ಎಷ್ಟು ಹಿಂದುಳಿದಿದೆ ಅಂತ ನೋಡಿದ ನಂಜುಂಡಪ್ಪ ಸಮಿತಿ 2002ರಲ್ಲೇ ವರದಿ ಕೊಟ್ಟಿತ್ತು. ರಾಜ್ಯದ ಅತ್ಯಂತ ಹಿಂದುಳಿದ 39 ತಾಲ್ಲೂಕುಗಳಲ್ಲಿ 21 ನಮ್ಮ ರಾಯಚೂರೂ ಸೇರಿರೋ ಗುಲ್ಬರ್ಗ ವಿಭಾಗದವು. ಆಮೇಲೆ ಈ ಭಾಗಕ್ಕೆ ವಿಶೇಷ ಸ್ಥಾನ ಕೊಡೋ ಸಂವಿಧಾನದ 371ಜೆ ವಿಧಿ ಬಂತು, 2019ರಲ್ಲಿ ಹೈದರಾಬಾದ್ ಕರ್ನಾಟಕ ಅನ್ನೋ ಹೆಸರು ಹೋಗಿ ಕಲ್ಯಾಣ ಕರ್ನಾಟಕ ಆಯಿತು. ಹೆಸರು ಬದಲಿಸೋದು ಎಷ್ಟು ಸುಲಭ ನೋಡಿ. ಈ ಭಾಗದ ಅಭಿವೃದ್ಧಿ ಮಂಡಳಿಯ ಅನುದಾನದಲ್ಲಿ ರಸ್ತೆ, ಶಾಲೆ ಕೋಣೆ, ಸಮುದಾಯ ಭವನ ಆಗಿವೆ, ಇಲ್ಲ ಅನ್ನಲ್ಲ. ಆದರೆ ಸಮುದಾಯ ಭವನದಲ್ಲಿ ಯಾರಿಗೆ ಕೆಲಸ ಸಿಗುತ್ತದೆ?

ಸುತ್ತ ನಾಲ್ಕು ಕೆಲಸ ಹುಟ್ಟಿಸೋವಂಥ ದೊಡ್ಡ ಸಂಸ್ಥೆ ಬೇಕು. ರಾಯಚೂರು ಐಐಟಿ ಕೇಳಿತ್ತು, 2016ರಲ್ಲಿ ಅದು ಧಾರವಾಡದಲ್ಲಿ ಶುರುವಾಯಿತು. ಧಾರವಾಡದವರ ಮೇಲೆ ನನಗೇನೂ ಸಿಟ್ಟಿಲ್ಲ. ಏಮ್ಸ್ ಆದರೂ ಕೊಡಿ ಅಂತ 2022ರ ಮೇ ತಿಂಗಳಲ್ಲಿ ರಾಯಚೂರಲ್ಲಿ ಧರಣಿ ಕೂತರು, ಸಾವಿರ ದಿನ ದಾಟಿತು. ಅದು ಬರೀ ಆಸ್ಪತ್ರೆಯ ಬೇಡಿಕೆ ಅಂದುಕೊಳ್ಳಬೇಡಿ. ಅಷ್ಟು ದೊಡ್ಡ ಆಸ್ಪತ್ರೆ ಬಂದರೆ ಲಾಡ್ಜು, ಮೆಡಿಕಲ್ ಶಾಪು, ಲ್ಯಾಬು, ಖಾನಾವಳಿ, ಆಟೋ ಎಲ್ಲ ಬರುತ್ತವೆ. ಅದನ್ನ ಕಟ್ಟೋಕೇ ವರ್ಷಗಟ್ಟಲೆ ಗಾರೆ ಕೆಲಸ ಇರುತ್ತದೆ. ಆ ಕೆಲಸ ಗೊತ್ತಿರೋ ನಮ್ಮವರು ಈಗ ವೈಟ್‌ಫೀಲ್ಡಲ್ಲಿದ್ದಾರೆ.