ಪಾತ್ರ ಸಿಗದಿದ್ದರೂ ಬನ್ನಿ, ಪರದೆಯ ಹಿಂದೆ ಕೆಲಸವಿದೆ

ನವರಾತ್ರಿ ಕಳೆಯುತ್ತಿದ್ದಂತೆ ಹಾಸನದ ಹವ್ಯಾಸಿ ತಂಡಗಳಲ್ಲಿ ತಾಲೀಮು ಬಿರುಸಾಗುತ್ತದೆ. ನವೆಂಬರ್ ಪೂರ್ತಿ ರಾಜ್ಯೋತ್ಸವ, ಒಂದಲ್ಲ ಒಂದು ಕಡೆಯಿಂದ ನಾಟಕಕ್ಕೆ ಕರೆ ಬರುತ್ತದೆ. "ನನಗೂ ಒಂದು ಪಾತ್ರ ಇದ್ರೆ ಹೇಳಿ ಸಾರ್" ಎಂದು ಹೊಸಬರು ಬರುವುದೂ ಈಗಲೇ. ನಾಟಕದಲ್ಲಿ ಹತ್ತು ಪಾತ್ರ ಇರುತ್ತವೆ, ಕೇಳಿಕೊಂಡು ಬಂದವರು ಇಪ್ಪತ್ತು ಜನ. ಪಾತ್ರ ಸಿಗದವರು ಎರಡು ಸಂಜೆ ಗೋಡೆಗೆ ಒರಗಿ ಕುಳಿತಿದ್ದು, ಮೂರನೇ ಸಂಜೆ ಬರುವುದಿಲ್ಲ. ಅವರಿಗೆ ಶ್ರದ್ಧೆ ಇಲ್ಲ ಎಂದು ದೂರುವುದು ಅನ್ಯಾಯ. ತಂಡ ಅವರ ಕೈಗೆ ಕೆಲಸವನ್ನೇ ಕೊಟ್ಟಿರುವುದಿಲ್ಲ.

"ಬನ್ನಿ, ಏನಾದ್ರೂ ಕೆಲ್ಸ ಇದ್ದೇ ಇರುತ್ತೆ" ಎಂದರೆ ಯಾರಿಗೆ ಏನು ಮಾಡಲು ತೋಚೀತು? "ಶನಿವಾರ ಮಧ್ಯಾಹ್ನ ಎರಡರಿಂದ ಆರು, ನಾಲ್ಕು ಫ್ಲ್ಯಾಟಿಗೆ ಬಟ್ಟೆ ಹೊಡೀಬೇಕು, ಇಬ್ಬರು ಬೇಕು" ಎಂದು ಕರೆಯಿರಿ, ಬರುತ್ತಾರೆ. (ಫ್ಲ್ಯಾಟು ಎಂದರೆ ಮರದ ಚೌಕಟ್ಟಿಗೆ ಬಟ್ಟೆ ಹೊಡೆದು ಮಾಡಿದ ರಂಗದ ಗೋಡೆ.) ಕೆಲಸ, ಹೊತ್ತು, ಜನ ಮೂರನ್ನೂ ಹೇಳಿ ಕರೆಯಬೇಕು.

ಮೊದಲು ದಿನ ಗೊತ್ತುಮಾಡುವ ಮಾತು. ನಮ್ಮ ಕಡೆ ಈ ಆರೇಳು ವಾರ ಒಂದು ಕಿಂಡಿಯ ಹಾಗೆ. ಆಲೂಗಡ್ಡೆ ಕಿತ್ತು ಮುಗಿದಿರುತ್ತದೆ, ರಾಗಿ ಕೊಯ್ಲು ಇನ್ನೂ ಬಂದಿರುವುದಿಲ್ಲ, ಸಕಲೇಶಪುರ ಬೇಲೂರು ಕಡೆ ಅರೇಬಿಕಾ ಹಣ್ಣಾಗುತ್ತಿರುತ್ತದೆ ಅಷ್ಟೆ. ಒಮ್ಮೆ ಕಾಫಿ ಕೊಯ್ಲು ಹಿಡಿಯಿತೆಂದರೆ ತೋಟದ ಕಡೆಯವರು ತಾಲೀಮಿಗೆ ಸಿಗುವುದಿಲ್ಲ. ಹಾಗಾಗಿ ಡಿಸೆಂಬರಿಗೆ ತಳ್ಳದೆ ನವೆಂಬರ್ ಮಧ್ಯದೊಳಗೆ ಪ್ರದರ್ಶನ ಮುಗಿಸುವುದು ಜಾಣತನ. ಇನ್ನೊಂದು, ಆಶ್ವಯುಜ ಹುಣ್ಣಿಮೆ ಕಳೆದ ಮೇಲಿನ ಗುರುವಾರ ಹಾಸನಾಂಬೆಯ ಬಾಗಿಲು ತೆರೆಯುತ್ತದೆ. ಅಲ್ಲಿಂದ ಬಲಿಪಾಡ್ಯಮಿ ಕಳೆಯುವವರೆಗೆ ಊರಿನ ಪೊಲೀಸರು, ಬಾಡಿಗೆ ಜನರೇಟರು, ಶಾಮಿಯಾನ ಎಲ್ಲವೂ ಜಾತ್ರೆಯ ಕಡೆ. ಆ ದಿನಗಳಲ್ಲಿ ಪ್ರದರ್ಶನ ಇಟ್ಟುಕೊಳ್ಳಬೇಡಿ. ಬಯಲಲ್ಲಿ ಆಡುವುದಾದರೆ ರಾತ್ರಿ ಹತ್ತರ ನಂತರ ಧ್ವನಿವರ್ಧಕಕ್ಕೆ 2000ದ ಶಬ್ದಮಾಲಿನ್ಯ ನಿಯಮ ಅಡ್ಡ ಬರುತ್ತದೆ. ವಿಶೇಷ ಅನುಮತಿ ಇಲ್ಲದಿದ್ದರೆ ಆರೂವರೆಗೆ ಮೊದಲ ಗಂಟೆ ಹೊಡೆಯಲೇಬೇಕು. ತಾಲೀಮನ್ನೂ ಎಂಟೂವರೆಗೆ ಮುಗಿಸಿ. ಕೊನೆಯ ಬಸ್ಸು ತಪ್ಪುವ ಭಯ ಇರುವ ಕಡೆ ಹೆಣ್ಣುಮಕ್ಕಳು ಉಳಿಯುವುದಿಲ್ಲ, ಉಳಿಯಬೇಕೆಂದು ಒತ್ತಾಯಿಸುವುದೂ ಸರಿಯಲ್ಲ.

ಈಗ ಫ್ಲ್ಯಾಟು. ಬಾಡಿಗೆ ಸೀನರಿಯನ್ನೇ ನಂಬಿಕೊಳ್ಳದೆ ಪ್ರತಿ ತಂಡವೂ ನಾಲ್ಕೈದು ಫ್ಲ್ಯಾಟು ಸ್ವಂತಕ್ಕೆ ಮಾಡಿಟ್ಟುಕೊಳ್ಳಬೇಕು. ನಾಲ್ಕಡಿ ಅಗಲ, ಎಂಟಡಿ ಎತ್ತರ. ಎರಡಿಂಚು–ಒಂದಿಂಚಿನ ರೀಪರ್ (ಮರದ ಪಟ್ಟಿ), ನಡುವೆ ಒಂದು ಅಡ್ಡಪಟ್ಟಿ, ಮೂಲೆಗಳಿಗೆ ಮುಕ್ಕೋನದ ಪ್ಲೈವುಡ್ ತುಂಡು. ಮೂಲೆಗೆ ಬರೀ ಮೊಳೆ ಹೊಡೆದರೆ ಎರಡು ಸಲ ಸಾಗಿಸುವಷ್ಟರಲ್ಲಿ ಕೀಲು ಸಡಿಲವಾಗುತ್ತದೆ, ಸ್ಕ್ರೂ ಹಾಕಿ. ಮೂಲೆಯಿಂದ ಮೂಲೆಗೆ ಟೇಪು ಹಿಡಿದು ಎರಡೂ ಕರ್ಣ ಸಮ ಇದೆಯೇ ನೋಡಿಕೊಂಡ ಮೇಲೆಯೇ ಸ್ಕ್ರೂ ಬಿಗಿಯಬೇಕು. ಸಮ ಇಲ್ಲದಿದ್ದರೆ ಎರಡು ಫ್ಲ್ಯಾಟು ಜೋಡಿಸಿದಾಗ ನಡುವೆ ಸಂದು ಬಿದ್ದು ಹಿಂದಿನ ಬೆಳಕು ಇಣುಕುತ್ತದೆ.

ಬಟ್ಟೆಗೆ ಕೋರಾ, ಅಂದರೆ ಬಿಳುಪು ಮಾಡದ ಹತ್ತಿ ಬಟ್ಟೆ ಸಾಕು, ಸುತ್ತಲೂ ನಾಲ್ಕಿಂಚು ಹೆಚ್ಚಿಗೆ ಕತ್ತರಿಸಿ. ಹೊಸಬರು ತಪ್ಪುವುದು ಇಲ್ಲೇ: ತಮಟೆಯ ಹಾಗೆ ಬಿಗಿಯಾಗಿ ಎಳೆದು ಹೊಡೆದುಬಿಡುತ್ತಾರೆ. ಆಮೇಲೆ ಅಂಟುನೀರು ಹಚ್ಚಿದಾಗ ಕೋರಾ ಕುಗ್ಗುತ್ತದೆ, ಚೌಕಟ್ಟನ್ನೇ ತಿರುಚಿ ಹಾಕುತ್ತದೆ. ನಡುವೆ ಅಂಗೈ ಒತ್ತಿದರೆ ತುಸು ಒಳಗೆ ಹೋಗುವಷ್ಟು ಸಡಿಲ ಬಿಡಬೇಕು. ಪ್ರತಿ ಬದಿಯ ಮಧ್ಯದಿಂದ ಶುರುಮಾಡಿ ಮೂಲೆಯ ಕಡೆ ಹೋಗಬೇಕು, ಮೂಲೆಯಿಂದ ಶುರುಮಾಡಿದರೆ ಸುಕ್ಕು ನಡುವೆ ಬಂದು ನಿಲ್ಲುತ್ತದೆ. ಒಂದು ಪಾಲು ಫೆವಿಕಾಲಿಗೆ ನಾಲ್ಕೈದು ಪಾಲು ನೀರು ಬೆರೆಸಿ ಬಳಿಯಿರಿ. ಹುಣಸೆ ಬೀಜದ ಅಂಟು ಕಾಯಿಸಿಕೊಳ್ಳುವವರು ಇದ್ದರೆ ಇನ್ನೂ ಚೆಂದ, ಖರ್ಚೂ ಕಡಿಮೆ. ಚಿತ್ತಾ, ಸ್ವಾತಿ ಮಳೆಯ ದಿನಗಳಲ್ಲಿ ಇದು ಒಂದೇ ರಾತ್ರಿಗೆ ಒಣಗೀತೆಂದು ನೆಚ್ಚಬೇಡಿ, ಎರಡು ದಿನ ಬಿಟ್ಟು ಡಿಸ್ಟೆಂಪರ್ ಬಳಿಯಿರಿ. ಹಸಿ ಬಟ್ಟೆಯ ಮೇಲೆ ಬಳಿದ ಬಣ್ಣ ಮಚ್ಚೆಮಚ್ಚೆಯಾಗುತ್ತದೆ. ನಿಲ್ಲಿಸಿದ ಪ್ರತಿ ಫ್ಲ್ಯಾಟಿಗೂ ಹಿಂದೆ ಒಂದು ಓರೆ ಆಸರೆ, ಅದರ ಬುಡಕ್ಕೆ ಮರಳು ತುಂಬಿದ ಚೀಲ ಇರಲೇಬೇಕು. ಹಳೆ ಗೋಣಿಚೀಲದಲ್ಲಿ ಹತ್ತು ಹದಿನೈದು ಕೆಜಿ ಮರಳು ತುಂಬಿ ಬಾಯಿ ಹೊಲಿದರಾಯಿತು.

ವಿದ್ಯುತ್ತಿನ ವಿಷಯದಲ್ಲಿ ಮಾತ್ರ ಧೈರ್ಯ ತೋರಿಸಲು ಹೋಗಬೇಡಿ. ಹಳೆಯ ಪಾರ್‌ಕ್ಯಾನ್ (ಡಬ್ಬಿಯಾಕಾರದ ರಂಗದೀಪ) ಒಂದಕ್ಕೆ 1000 ವ್ಯಾಟ್, ಅಂದರೆ 230 ವೋಲ್ಟಿನಲ್ಲಿ ನಾಲ್ಕೂಕಾಲು ಆಂಪಿಯರಿಗಿಂತ ತುಸು ಹೆಚ್ಚು. ಸಮುದಾಯ ಭವನದ ಒಂದು 16 ಆಂಪಿಯರ್ ಪ್ಲಗ್ಗಿಗೆ ಮೂರೇ ದೀಪ. ನಾಲ್ಕನೆಯದನ್ನು ಸೇರಿಸಿದರೆ ಒಳ್ಳೆಯ ದೃಶ್ಯದ ನಡುವೆಯೇ ಎಂಸಿಬಿ (ಹೊರೆ ಹೆಚ್ಚಾದರೆ ತಾನೇ ಆರುವ ಸ್ವಿಚ್ಚು) ಬಿದ್ದು ಕತ್ತಲಾದೀತು. ಹನ್ನೆರಡು ದೀಪಕ್ಕೆ ಐವತ್ತೆರಡು ಆಂಪಿಯರ್ ಬೇಕು, ಅದಕ್ಕೆ ತ್ರೀ ಫೇಸ್ ಬೇಕೇ ಬೇಕು, ಒಂದೇ ಪ್ಲಗ್ಗಿಗೆ ಮೂರು ಮೀರದ ಹಾಗೆ ಫೇಸಿಗೆ ನಾಲ್ಕರಂತೆ ಹಂಚಬೇಕು. ಬಯಲಿನಲ್ಲಾದರೆ ತಾತ್ಕಾಲಿಕ ಸಂಪರ್ಕಕ್ಕೆ ನಮ್ಮ ಕಡೆಯ ವಿದ್ಯುತ್ ಕಂಪನಿ ಸೆಸ್ಕಿಗೆ ಮುಂಚೆಯೇ ಅರ್ಜಿ ಕೊಡಿ, ಕಂಬದಿಂದ ಕೊಕ್ಕೆ ಹಾಕುವ ಮಾತು ಬಾಯಲ್ಲಿ ಬರಲೇಬಾರದು. ವೈರು 2.5 ಚದರ ಮಿಲಿಮೀಟರಿಗಿಂತ ಸಣ್ಣದಿರಬಾರದು. ಉದ್ದ ಹೆಚ್ಚಾಯಿತೆಂದು ಸುರುಳಿ ಸುತ್ತಿದ ಹಾಗೇ ಬಿಡಬೇಡಿ, ಸುರುಳಿಯೊಳಗಿನ ಬಿಸಿ ಹೊರಗೆ ಹೋಗದೆ ಪ್ಲಾಸ್ಟಿಕ್ ಹೊದಿಕೆ ಕರಗುತ್ತದೆ. ಪೂರ್ತಿ ಬಿಡಿಸಿ, ಹಾವಿನ ಹಾಗೆ ನೆಲದ ಮೇಲೆ ಹರಡಿ. ಮೈಕಿನ ಆಂಪ್ಲಿಫೈಯರ್, ಡಿಮ್ಮರ್ (ದೀಪದ ಬೆಳಕು ಏರಿಸಿ ಇಳಿಸುವ ಸಾಧನ) ಇರುವ ಫೇಸಿನಲ್ಲೇ ಇದ್ದರೆ ದೀಪ ಮಂಕು ಮಾಡಿದಾಗಲೆಲ್ಲ ಗುಂಯ್ ಎನ್ನುತ್ತದೆ, ಅದನ್ನು ಬೇರೆ ಫೇಸಿಗೆ ಕೊಡಿ. ಬಿಸಿಯಾದ ಹ್ಯಾಲೊಜನ್ ಗಾಜಿಗೆ ಮಳೆಹನಿ ತಾಗಿದರೆ ಸಿಡಿಯುತ್ತದೆ. ಹಾಗೆಂದು ಪ್ಲಾಸ್ಟಿಕ್ ಚೀಲ ಮುಚ್ಚಿದರೆ ಅದಕ್ಕೇ ಬೆಂಕಿ ಹತ್ತೀತು. ಮೇಲೆ ತಗಡಿನ ಮಾಡು ಇಳಿಬಿಡಿ. ಹಣ ಹೊಂದಿದರೆ ಎಲ್‌ಇಡಿ ತನ್ನಿ, ಒಂದಕ್ಕೆ ನೂರೈವತ್ತು ವ್ಯಾಟಿನ ಆಸುಪಾಸು ಸಾಕು.

ಪ್ರಾಂಪ್ಟರ್, ಅಂದರೆ ಮರೆತ ಮಾತನ್ನು ಮರೆಯಿಂದ ಹೇಳಿಕೊಡುವವರ ಕೆಲಸವನ್ನು ಬಿಡುವಾಗಿರುವ ಯಾರಿಗೋ ಕೊನೇ ದಿನ ಒಪ್ಪಿಸುವುದು ನನಗೆ ಸಂಕಟ ತರುವ ರೂಢಿ. ಮಾತು ಮರೆತ ನಟನಿಗೂ ಬೇಕೆಂದೇ ನಿಲ್ಲಿಸಿದ ನಟನಿಗೂ ವ್ಯತ್ಯಾಸ ತಿಳಿಯುವುದು ಎಲ್ಲ ತಾಲೀಮಿಗೂ ಬಂದವರಿಗೆ ಮಾತ್ರ. ಪ್ರತಿ ಪುಟದ ಎದುರು ಖಾಲಿ ಹಾಳೆ ಅಂಟಿಸಿ, ಪೆನ್ಸಿಲಿನಲ್ಲಿ ಬೆಳಕು, ಸಂಗೀತ, ಪ್ರವೇಶಗಳಿಗೆ ಗುರುತು ಮಾಡಬೇಕು. ಪೆನ್ನು ಬೇಡ, ತಾಲೀಮಿನಲ್ಲಿ ದಿನವೂ ಬದಲಾಗುತ್ತದೆ. ಹೇಳಿಕೊಡುವಾಗ ಇಡೀ ವಾಕ್ಯ ಓದಬಾರದು, ಮೊದಲ ಎರಡು ಪದ, ತಗ್ಗಿದ ದನಿಯಲ್ಲಿ. ಪರಿಕರಗಳಿಗೆ ಒಂದು ಉದ್ದ ಮೇಜು ಹಾಕಿ, ಬಿಳಿ ಟೇಪಿನಲ್ಲಿ ಚೌಕ ಎಳೆದು ಪ್ರತಿ ಚೌಕದಲ್ಲೂ ವಸ್ತುವಿನ ಹೆಸರು ಬರೆಯಿರಿ. ಚೌಕ ಖಾಲಿ ಕಂಡರೆ ಕತ್ತಿಯೋ ಕಾಗದವೋ ಇನ್ನೂ ಬಂದಿಲ್ಲವೆಂದು ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಬಣ್ಣದ ಬಗ್ಗೆ ಎರಡೇ ಮಾತು. ಹಳೆಯ ಪೆಟ್ಟಿಗೆಯಲ್ಲಿ ಉಳಿದ ಇಂಗಳೀಕ (ಕೆಂಪು ಪುಡಿ), ಅರದಾಳ (ಹಳದಿ ಪುಡಿ) ಇವುಗಳನ್ನು ಯಾರ ಮುಖಕ್ಕೂ ಹಚ್ಚಬೇಡಿ, ಒಂದರಲ್ಲಿ ಪಾದರಸ, ಇನ್ನೊಂದರಲ್ಲಿ ಆರ್ಸೆನಿಕ್ ಇದೆ. ಗಡ್ಡಮೀಸೆಯ ಅಂಟನ್ನು ಹಿಂದಿನ ದಿನವೇ ಮಣಿಕಟ್ಟಿನ ಒಳಬದಿಗೆ ಹಚ್ಚಿ ನೋಡಿ, ಕಡಿತ ಬರದಿದ್ದರೆ ಮಾತ್ರ ಮುಖಕ್ಕೆ. ಹಚ್ಚಿದ ತಕ್ಷಣ ಗಡ್ಡ ಒತ್ತಿದರೆ ಜಾರುತ್ತದೆ, ಅಂಟು ಬೆರಳಿಗೆ ಜಿಗುಟು ಹತ್ತುವವರೆಗೆ ಕಾಯಬೇಕು.

ಪ್ರದರ್ಶನ ಮುಗಿದು ಹಾರ ಹಾಕಿ ಫೋಟೊ ತೆಗೆದ ಮೇಲೆ ವೇದಿಕೆ ಬರಿದಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಸ್ಕ್ರೂ ಬಿಚ್ಚಲು, ಬಾಡಿಗೆ ಸಾಮಾನು ಎಣಿಸಿ ಒಪ್ಪಿಸಲು ಆರು ಜನರ ಹೆಸರು ಮೊದಲೇ ಬರೆದಿರಲಿ, ಅದರಲ್ಲಿ ಇಬ್ಬರಾದರೂ ಪಾತ್ರ ಮಾಡಿದವರೇ ಆಗಿರಲಿ. ಪರದೆಗಳನ್ನು ಆ ರಾತ್ರಿ ಮಡಿಸಬೇಡಿ. ಬಯಲ ಇಬ್ಬನಿ ಕುಡಿದ ಬಟ್ಟೆಯನ್ನು ಮಡಿಸಿ ಟ್ರಂಕಿಗೆ ತುಂಬಿದರೆ ವಾರದೊಳಗೆ ಬೂಷ್ಟು ಹಿಡಿದು ಬಣ್ಣವೆಲ್ಲ ಹೋಗುತ್ತದೆ. ಸಡಿಲವಾಗಿ ಸುತ್ತಿ ಮನೆಗೆ ತಂದು, ಮರುದಿನ ಬಿಸಿಲೇರಿದ ಮೇಲೆ ಹಗ್ಗದ ಮೇಲೆ ಹರವಿ ಎರಡೂ ಬದಿ ಒಣಗಿಸಬೇಕು. ಅದಕ್ಕೆ ಭಾನುವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡು, ನಾಲ್ಕು ಜನ ಬೇಕು.